ಸಂಸ್ಥಾಪಕರು ಮಲಗಿದ್ದಾರೆ

ಯಾವ ಸಿನಿಮಾದಲ್ಲಾದರೂ ನೋಡಿ, ಒಳ್ಳೆಯವನಿಗೆ ಅನ್ಯಾಯವಾದರೆ ಕೊನೇಪಕ್ಷ ಹಿಂದೆ ಒಂದು ಪಿಟೀಲಾದರೂ ಬಾರಿಸುತ್ತಾರೆ. ನಮ್ಮ ಮಾವನಿಗೆ ಅನ್ಯಾಯವಾದ ದಿನ ಹಿಂದೆ ಬಾರಿಸುತ್ತಿದ್ದದ್ದು ಪ್ರಿನ್ಸಿಪಾಲರ ಮೇಜಿನ ಗಂಟೆ ಒಂದೇ. ಅದೂ ಬಿಡದೆ.

"ಶ್‌ಶ್ ಸಾರ್ ಎಲ್ಲಿ? ಕರೀರಿ ಅವರನ್ನ!"

ಶ್‌ಶ್ ಸಾರ್ ಅಂದರೆ ನಮ್ಮ ಮಾವ. ಕಾಲೇಜಿನ ಲೈಬ್ರರಿಯಲ್ಲಿ ಬಾಯಿ ಬಿಟ್ಟವರಿಗೆಲ್ಲ 'ಶ್‌ಶ್' ಅಂದೂ ಅಂದೂ ಆ ಹೆಸರು ಬಂದದ್ದು. ಈಗ ಸಂಬಳ ಕೊಡುವ ಗುಮಾಸ್ತರೂ ಹಾಗೇ ಕರೆಯುತ್ತಾರೆ. ನಾನು ಅದೇ ಕಾಲೇಜಿನಲ್ಲಿ ಕೊನೆಯ ವರ್ಷ, ಮಾವನ ಮನೆಯಲ್ಲೇ ಊಟ ವಸತಿ. ಹಾಜರಿ ಕಮ್ಮಿ ಅಂತ ಅವತ್ತು ನನ್ನನ್ನೂ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಲ್ಲಿಸಿದ್ದರು. ಆದ್ದರಿಂದ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು.

ಮಾವ ಒಳಗೆ ಹೋದರು. ಪ್ರಿನ್ಸಿಪಾಲರು ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದರು.

"ಏನ್ರೀ ಇದು?"

ಮಾವ ಕನ್ನಡಕ ಮೇಲೇರಿಸಿ ನೋಡಿದರು. "ಸಂಸ್ಥಾಪಕರು ಸಾರ್. ನಿಮ್ಮ ತಾತ."

"ನಮ್ಮ ತಾತ ಅಂತ ನನಗೂ ಗೊತ್ತು. ಯಾಕ್ರೀ ಮಲಗಿದಾರೆ?"

ನಾನೂ ಬಾಗಿಲ ಸಂದಿಯಿಂದ ಇಣುಕಿದೆ. ನಿಂತುಕೊಂಡು ತೆಗೆಸಿದ ಫೋಟೊ. ಕೈಯಲ್ಲಿ ಬೆತ್ತ, ಮುಖದಲ್ಲಿ ಗಾಂಭೀರ್ಯ, ಕೋಟಿನ ಗುಂಡಿಗಳೆಲ್ಲ ಹಾಕಿದ್ದವು. ಆದರೆ ಮನುಷ್ಯ ಅಡ್ಡಡ್ಡ ಮಲಗಿದ್ದರು, ಒಂದು ದಿಂಬು ಕೊಡುವುದಷ್ಟೇ ಬಾಕಿ. ಅವರ ಕೆಳಗಿನ ಚಿತ್ರದಲ್ಲಿ ಮೊದಲ ವರ್ಷದ ಮೇಷ್ಟ್ರುಗಳು ಮಲಗಿದ್ದರು. ಅದರ ಕೆಳಗೆ ಕಪ್ ಗೆದ್ದ ಓಟದ ತಂಡ, ಅದೂ ಮಲಗಿತ್ತು. ಕಾಲೇಜಿನ ಇತಿಹಾಸ ನೋಡೋಣ ಅಂತ ತೆರೆದರೆ ಆಸ್ಪತ್ರೆಯ ಜನರಲ್ ವಾರ್ಡಿಗೆ ಬಂದ ಹಾಗಿತ್ತು. ಇಡೀ ಪರದೆಯಲ್ಲಿ ನೆಟ್ಟಗೆ ನಿಂತಿದ್ದವರು ಒಬ್ಬರೇ, ಈಗಿನ ಪ್ರಿನ್ಸಿಪಾಲರು. ಅವರದೊಂದನ್ನು ಮಾವ ಭಯಕ್ಕೆ ಕೈಯಾರೆ ತಿರುಗಿಸಿ ಹಾಕಿದ್ದರು.

ಈ ವಾರ್ಡಿನ ಹೆಸರು 'ಡಿಜಿಟಲ್ ಭಂಡಾರ'. ಕಾಲೇಜಿನ ಹಳೇ ಫೋಟೊಗಳು, ಹಳೇ ಪತ್ರಿಕೆಗಳು, ಯಾರೂ ಓದದ ಸಂಶೋಧನಾ ಪ್ರಬಂಧಗಳು, ಎಲ್ಲವನ್ನೂ ಮಾವ ಒಬ್ಬರೇ ಕೂತು ವರ್ಷಗಟ್ಟಲೆ ಕಂಪ್ಯೂಟರಿಗೆ ಏರಿಸಿದ್ದರು. ಮುಟ್ಟಿದರೆ ಪುಡಿಯಾಗುವ ಆಲ್ಬಮ್ಮುಗಳ ಮೇಲೆ ಉಸಿರು ಬಿಗಿಹಿಡಿದು ಬಗ್ಗಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಅಡ್ಡಲಾಗಿ ಸಿಕ್ಕಿಸಿ, ಒಂದೊಂದೇ ಕ್ಲಿಕ್ಕಿಸಿದ್ದರು. ನಮ್ಮ ಅತ್ತೆಯ ಮದುವೆ ಫೋಟೊ ಮೇಲೂ ಅವರು ಅಷ್ಟು ಪ್ರೀತಿಯಿಂದ ಬಗ್ಗಿದ್ದನ್ನು ಯಾರೂ ನೋಡಿಲ್ಲ. ಹಾಗಂತ ಅತ್ತೆಯೇ ಹೇಳುತ್ತಾರೆ.

ಭಂಡಾರ ನಡೆಸುವ ಸಾಫ್ಟ್‌ವೇರ್ ಪುಕ್ಕಟೆ. ಯಾರು ಬೇಕಾದರೂ ತಗೊಳ್ಳಬಹುದು, ಒಳಗೆ ಬಿಚ್ಚಿ ನೋಡಬಹುದು, ತಿದ್ದಲೂಬಹುದು. ದೇಶದೇಶಗಳ ಲೈಬ್ರರಿಯವರು ಸೇರಿ ಕಟ್ಟಿದ್ದು. ಅದನ್ನು ನೋಡಿಕೊಳ್ಳಲು ಒಂದು ಸಂಘ ಇದೆ. ಲಾಭ ಮಾಡುವುದಿಲ್ಲ ಅಂತ ಮೊದಲೇ ಶಪಥ ಮಾಡಿದ ಸಂಘ. ಕಾಲೇಜುಗಳು, ಮ್ಯೂಸಿಯಂಗಳು ವರ್ಷಕ್ಕೊಮ್ಮೆ ಚಂದಾ ಕೊಟ್ಟು ಸದಸ್ಯರಾದರೆ ಸಾಫ್ಟ್‌ವೇರ್ ಬದುಕಿರುತ್ತದೆ. ಕೊಡದಿದ್ದರೂ ಬಳಸಬೇಡಿ ಅನ್ನುವವರಿಲ್ಲ. ಈ ಕೊನೆಯ ಸಾಲನ್ನು ಪ್ರಿನ್ಸಿಪಾಲರಿಗೆ ಅರ್ಥ ಮಾಡಿಸಿ, ಆಮೇಲೂ ಚಂದಾ ಕೊಡಿಸಬೇಕಿತ್ತಲ್ಲ, ಅಲ್ಲೇ ಮಾವ ಎಡವಿದ್ದು. ಕೊಡಿಸಲಿಕ್ಕೆ ಅಂತ ಒಂದು ಡೈಲಾಗ್ ಹೊಡೆದಿದ್ದರು. ಈಗ ಪ್ರಿನ್ಸಿಪಾಲರು ಅದನ್ನೇ ರೀಪ್ಲೇ ಹಾಕಿದರು.

"ಚಂದಾ ಕೇಳೋಕೆ ಬಂದಾಗ ಏನಂದ್ರಿ? 'ನಾವು ಪೋಷಕ ಸದಸ್ಯರು ಸಾರ್, ಒಂದು ಮಾತು ಹೇಳಿದ್ರೆ ಸಾಕು, ಅವರು ಕೈಕಟ್ಟಿ ನಿಲ್ತಾರೆ' ಅಂದ್ರಿ. ಅಂದ್ರೋ ಇಲ್ವೋ?"

"ಅಂದೆ ಸಾರ್."

"ಹೇಳಿ ಈಗ ಆ ಒಂದು ಮಾತು!"

ಮಾವ ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸತೊಡಗಿದರು.

"ಸಂಸ್ಥಾಪಕರ ದಿನ ಬಂತು. ಸಭಾಂಗಣದಲ್ಲಿ ಗೋಡೆಯಷ್ಟು ದೊಡ್ಡ ಪರದೆ ಹಾಕಿಸ್ತಿದೀನಿ. ನಮ್ಮಮ್ಮ ಬರ್ತಾರೆ. ಆಡಳಿತ ಮಂಡಳಿ ಅಧ್ಯಕ್ಷೆ ಅವರು. ಅವರಪ್ಪನ್ನ ಈ ಸ್ಥಿತೀಲಿ ನೋಡ್ಬೇಕೇನ್ರೀ ಅವರು?"

"ಕೈಯಲ್ಲೇ ಒಂದೊಂದಾಗಿ ತಿರುಗಿಸಿಬಿಡಿ" ಅಂತ ಮೂಲೆಯಿಂದ ಒಂದು ನಯವಾದ ದನಿ ಬಂತು. ಅಲ್ಲಿ ಒಬ್ಬ ಏಜೆಂಟ್ ಟೀ ಕುಡಿಯುತ್ತ ಕೂತಿದ್ದ. ಶೆಖೆಗೆ ಫ್ಯಾನೇ ಬೆವರುತ್ತಿದ್ದ ಆ ಕೋಣೆಯಲ್ಲಿ ಕುತ್ತಿಗೆಗೆ ಟೈ ಬಿಗಿದಿದ್ದ. ಅವನ ಹೆಸರು ನಮಗೆ ಬೇಡ, ಟೈ ಅಂದರೆ ಸಾಕು.

"ಮೂಲಪ್ರತಿ ಮುಟ್ಟಬಾರದು" ಅಂದರು ಮಾವ, ಮೊದಲ ಸಲ ದನಿ ಎತ್ತಿ. "ಭಂಡಾರದ ಮೊದಲ ನಿಯಮ ಅದು. ಒಂದು ಮುಟ್ಟಿದ್ದಕ್ಕೇ ನನಗೆ ನಿದ್ದೆ ಬರ್ತಿಲ್ಲ."

"ಯಾವುದು?" ಅಂದರು ಪ್ರಿನ್ಸಿಪಾಲರು.

ಮಾವ ಫ್ಯಾನ್ ನೋಡಿದರು.

"ನಮ್ಮ ಕಂಪನಿ ಪ್ಯಾಕೇಜ್‌ನಲ್ಲಿ ಯಾರೂ ಮಲಗಲ್ಲ ಸಾರ್" ಅಂದ ಟೈ.

"ಹಾಗಾದ್ರೆ ಈಗಿರೋ ಫೋಟೊಗಳೆಲ್ಲ ಅದರೊಳಗೆ ಬರ್ತಾವಾ?" ಮಾವ ಕೇಳಿದರು.

"ಹಳೇದೆಲ್ಲ ಯಾಕೆ ಸಾರ್? ಫ್ರೆಶ್ ಆಗಿ ಶುರು ಮಾಡೋಣ."

ಪ್ರಿನ್ಸಿಪಾಲರು ತೀರ್ಪು ಕೊಟ್ಟರು. "ನೋಡ್ರೀ, ತಾತ ಎದ್ದು ನಿಲ್ಲಬೇಕು. ನಿಂತರೆ ನೀವುಂಟು, ನಿಮ್ಮ ಭಂಡಾರ ಉಂಟು. ನಿಲ್ಲಲಿಲ್ವೋ, ಭಂಡಾರಕ್ಕೆ ಬೀಗ. ಇವರ ಪ್ಯಾಕೇಜ್ ಬರುತ್ತೆ, ನೀವು ಹಾಸ್ಟೆಲ್ ಸ್ಟೋರ್‌ಗೆ ಹೋಗಿ ಪೊರಕೆ ಬಕೆಟ್ ಲೆಕ್ಕ ಬರೀತೀರಿ."

ಇದು ನ್ಯಾಯವೇ, ನೀವೇ ಹೇಳಿ. ಫೋಟೊ ಮಲಗಿದರೆ ಮನುಷ್ಯನನ್ನು ಬೀಳಿಸುವುದೇ? ನನ್ನ ರಕ್ತ ಎಷ್ಟು ಕುದಿಯಿತು ಅಂದರೆ, ನನ್ನ ಹಾಜರಿಯ ವಿಷಯ ಮರೆತು ಮಾವನ ಜೊತೆ ಮನೆಗೇ ಹೋಗಿಬಿಟ್ಟೆ.

ಮನೆಯ ಹಜಾರದಲ್ಲಿ ಸಂಘದವರು ಕಾಲೇಜಿಗೆ ಕಳಿಸಿದ್ದ 'ಪೋಷಕ ಸದಸ್ಯ' ಪತ್ರ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಕಾಲೇಜಿನ ಗೋಡೆಗೆ ಮೊಳೆ ಹೊಡೆಯಬೇಡಿ ಅಂತ ಪ್ರಿನ್ಸಿಪಾಲರು ಅಂದಿದ್ದಕ್ಕೆ ಮಾವ ಮನೆಗೆ ತಂದಿದ್ದರು. ಅದನ್ನು ನೋಡಿದ ಮೇಲಿಂದ ಪಕ್ಕದ ಮನೆಯ ರಿಟೈರ್ಡ್ ಇನ್‌ಸ್ಪೆಕ್ಟರ್ ಅದು ಯಾವುದೋ ದೊಡ್ಡ ಕ್ಲಬ್ಬು ಅಂತ ನಂಬಿ, ಈಜುಕೊಳ ಇದ್ದರೆ ತಮ್ಮನ್ನೂ ಕರೆದುಕೊಂಡು ಹೋಗಿ ಅಂತ ಆಗಾಗ ನೆನಪಿಸುತ್ತಿದ್ದರು. ಮಾವ ಇಲ್ಲ ಅಂದವರಲ್ಲ. 'ನೋಡೋಣ' ಅಂತಿದ್ದರು.

"ದೂರು ಬರೀಬೇಕು ಕಣೋ" ಅಂದರು ಮಾವ, ಲ್ಯಾಪ್‌ಟಾಪ್ ತೆರೆದು. "ಖಾರವಾಗಿರಬೇಕು. ನನಗೆ ಖಾರ ಬರಲ್ಲ."

ನನಗೆ ಖಾರ ಬಿಟ್ಟು ಬೇರೇನೂ ಬರಲ್ಲ. ಎದ್ದು ನಿಂತು, ಕಾಲರ್ ಎತ್ತಿ, ಹೇಳಲು ಶುರು ಮಾಡಿದೆ. "ಬರ್ಕೊಳಿ ಮಾವ. 'ನಾವು ಪೋಷಕರು. ಇಷ್ಟು ದಿನ ನಮ್ಮ ಚಂದಾ ನೋಡಿದೀರಿ, ನಮ್ಮ ಕೋಪ ನೋಡಿಲ್ಲ. ಸಾವಿರಾರು ಮಕ್ಕಳನ್ನ ಅವರ ಕಾಲ ಮೇಲೆ ನಿಲ್ಲಿಸಿದ ಮಹಾನುಭಾವರನ್ನ ನೀವು ಮಲಗಿಸಿದೀರಿ. ಮಲಗಿಸಿದ ಕೈಯಲ್ಲೇ ಎಬ್ಬಿಸ್ತೀರೋ, ಇಲ್ಲಾ ನಾವೇ ಬಂದು...'"

"ಬಂದು ಏನೋ ಮಾಡ್ತೀವಿ?"

"ಅಲ್ಲಿ ಮೂರು ಚುಕ್ಕಿ ಹಾಕಿ ಸಾಕು. ಭಯ ಇರೋದೇ ಚುಕ್ಕೀಲಿ."

ಮಾವ ಭಯಕ್ಕೆ ಇನ್ನೆರಡು ಚುಕ್ಕಿ ಹೆಚ್ಚಿಗೇ ಹಾಕಿ ಸಂಘದ ದೂರಿನ ಪುಟದಲ್ಲಿ ಸೇರಿಸಿಬಿಟ್ಟರು. ಅವರು ಅದನ್ನು ಬೀಗ ಹಾಕಿದ ದೂರಿನ ಪೆಟ್ಟಿಗೆ ಅಂದುಕೊಂಡಿದ್ದರು. ಅದು ನೋಡಿದರೆ ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲಿಸಿದ ಬೋರ್ಡು. ಪ್ರಪಂಚದಲ್ಲಿ ಆ ಸಾಫ್ಟ್‌ವೇರ್ ಬಳಸುವವರೆಲ್ಲ ಅವರವರ ಭಾಷೆಯಲ್ಲೇ ಓದಬಹುದು, ಕೆಳಗೆ ತಮ್ಮದೂ ಒಂದು ಸಾಲು ಬರೆಯಬಹುದು. ಬರೆದಿದ್ದರು ಕೂಡ. ಮಾರನೇ ದಿನ ನೋಡಿದರೆ ಕೆಳಗೆ ಜನವೋ ಜನ.

'ನಮ್ಮ ಮೇಯರ್ ಕೂಡ ಮಲಗಿದ್ದಾರೆ. ಚುನಾವಣೆ ಹತ್ತಿರ ಬಂದಿದೆ. ದಯವಿಟ್ಟು ಎಬ್ಬಿಸಿ.'

'ನಮ್ಮದು ಸಸ್ಯೋದ್ಯಾನ. ಚಿತ್ರಗಳಲ್ಲಿ ಮರಗಳೆಲ್ಲ ಬಿದ್ದಿರುವುದನ್ನು ಕಂಡು ಬಿರುಗಾಳಿ ಪರಿಹಾರ ನಿಧಿಯವರು ಫೋನ್ ಮಾಡಿದ್ದರು.'

ಹಡಗಿನ ಮ್ಯೂಸಿಯಮ್ಮಿನ ಒಬ್ಬ ಸಾಹೇಬರು ಬರೆದಿದ್ದರು: 'ನಮ್ಮ ಹಡಗುಗಳೆಲ್ಲ ಮೂತಿ ಮೇಲೆತ್ತಿ ಮುಳುಗುತ್ತಿರುವಂತೆ ಕಾಣುತ್ತಿವೆ. ಅವುಗಳಲ್ಲಿ ಒಂದೂ ಮುಳುಗಿದ ಹಡಗಲ್ಲ.'

ಎಲ್ಲರ ಕೆಳಗೆ ಸಂಘದ ಸಂಚಾಲಕಿಯ ಉತ್ತರ. ಪಕ್ಕದಲ್ಲಿ ಅವರದೊಂದು ಪುಟಾಣಿ ಫೋಟೊ, ಅದರಲ್ಲಿ ಮುಖಕ್ಕಿಂತ ನಗುವೇ ದೊಡ್ಡದು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರಿಗೆ ನಗುಮುಖದ ಮೇಡಂ ಅಂತಲೇ ಹೆಸರು. 'ಎಷ್ಟು ಚೆನ್ನಾಗಿ ಹೇಳಿದಿರಿ! ಇಷ್ಟು ಕಾಳಜಿ ಇರುವವರೇ ನಮಗೆ ಬೇಕಿತ್ತು. ಮಲಗಿದ ಚಿತ್ರಗಳನ್ನು ಎಬ್ಬಿಸುವ ಕಾರ್ಯತಂಡ ಒಂದನ್ನು ರಚಿಸಿದ್ದೇವೆ. ಮುಖ್ಯಸ್ಥರು ನೀವೇ. ಭಾನುವಾರ ಬೆಳಿಗ್ಗೆ ವಿಡಿಯೋ ಸಭೆಯಲ್ಲಿ ಸಿಗೋಣ.'

ಮಾವ ಎರಡು ಸಲ ಓದಿದರು. "ಇವರು ಬೈಗುಳ ಅಂತ ಓದ್ಕೊಳ್ಳಲೇ ಇಲ್ವೇನೋ!"

ಅಷ್ಟರಲ್ಲಿ ಅತ್ತೆ ಹಿಂದಿನಿಂದ ಓದಿದ್ದು 'ಮುಖ್ಯಸ್ಥರು ನೀವೇ' ಅನ್ನುವಷ್ಟನ್ನೇ. ಹಿಂದಿನ ಮುಂದಿನ ಪದ ಓದುವ ವ್ಯವಧಾನ ಅವರಿಗೆ ಹುಟ್ಟಿನಿಂದ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು, ಶ್‌ಶ್ ಸಾರ್ ಅಂತರರಾಷ್ಟ್ರೀಯ ಸಂಸ್ಥೆಯ ಮುಖ್ಯಸ್ಥರಾದರು ಅಂತ. ಸಂಜೆ ಅತ್ತೆಯ ಅಣ್ಣ ಬಂದೇ ಬಿಟ್ಟರು. ಬಸ್ ಡಿಪೋದಲ್ಲಿ ಕಂಟ್ರೋಲರ್. ನಾನು ಡಿಪೋ ದೊಡ್ಡಪ್ಪ ಅಂತೀನಿ. ಅವರು ಮನೆಯಲ್ಲಿ ಮಾತಾಡಿದರೂ ಮೂರನೇ ಪ್ಲಾಟ್‌ಫಾರ್ಮಿನವರಿಗೂ ಕೇಳಬೇಕು ಅನ್ನುವ ಹಾಗೆ ಮಾತಾಡುತ್ತಾರೆ.

"ಭಾವ! ಸಂಬಳ ಎಷ್ಟು ಭಾವ?"

"ಸಂಬಳ ಇಲ್ಲ ಭಾವ."

"ಓಹೋ, ಗೌರವಧನ."

"ಅದೂ ಇಲ್ಲ."

"ಮತ್ತೆ ಅವರು ಏನು ಕೊಡ್ತಾರೆ?"

"ಅವರು ಕೊಡಲ್ಲ. ನಾವು ಕೊಡ್ತೀವಿ. ಚಂದಾ."

ದೊಡ್ಡಪ್ಪ ಕೂತಲ್ಲೇ ಮುಂದಕ್ಕೆ ಬಾಗಿದರು. "ತಡೀರಿ. ಸಾಮಾನು ಪುಕ್ಕಟೆ. ಆದ್ರೂ ನೀವು ಚಂದಾ ಕೊಡ್ತೀರಿ. ಚಂದಾ ಕೊಟ್ಟ ಮೇಲೆ ಸಾಮಾನು ಕೆಡುತ್ತೆ. ಕೆಟ್ಟಿದ್ದನ್ನ ರಿಪೇರಿ ಮಾಡೋರು ಯಾರು?"

"ನಾನೇ. ಮುಖ್ಯಸ್ಥ ಅಲ್ವಾ."

"ಅಲ್ಲ ಭಾವ! ಬಸ್ಸು ಹತ್ತಿ, ಟಿಕೆಟ್ ತಗೊಂಡು, ನಾವೇ ಸ್ಟೇರಿಂಗ್ ಹಿಡಿದು, ಕೆಟ್ಟು ನಿಂತರೆ ನಾವೇ ಇಳಿದು ತಳ್ಳಿ, ಟಿಕೆಟ್ ತಗೊಳ್ದೆ ಕೂತಿರೋ ಪ್ಯಾಸೆಂಜರ್‌ಗಳನ್ನ ಮನೆ ಬಾಗಿಲಿಗೆ ಇಳಿಸಿ ಬರೋದಾ? ಇದ್ಯಾವ ಊರಿನ ಡಿಪೋ?"

ಅನ್ಯಾಯ ಅಂದರೆ ಏನು ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾನು ಕೋರ್ಟ್ ಸೀನುಗಳಲ್ಲೂ ನೋಡಿಲ್ಲ. ಅತ್ತೆಗೆ ಸಿಟ್ಟು ಬಂತು. ಇನ್‌ಸ್ಪೆಕ್ಟರಿಗೆ ಈಜುಕೊಳ ಇಲ್ಲ ಅಂತ ಅವತ್ತೇ ಗೊತ್ತಾಗಿ ಇನ್ನೂ ಜಾಸ್ತಿ ಸಿಟ್ಟು ಬಂತು. ಭಾನುವಾರದ ಸಭೆಯಲ್ಲಿ ಮಾವ ರಾಜೀನಾಮೆ ಬಿಸಾಕಬೇಕು, ಅವರೇ ರಿಪೇರಿ ಮಾಡಿಕೊಡಬೇಕು ಅಂತ ಹಜಾರದಲ್ಲಿ ಠರಾವು ಪಾಸಾಯಿತು.

ಭಾನುವಾರ ಬೆಳಿಗ್ಗೆ ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರ ಮುಂದೆ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಮಾವ, ಹಿಂದೆ ಬೆಂಬಲಕ್ಕೆ ಅತ್ತೆ, ದೊಡ್ಡಪ್ಪ, ಇನ್‌ಸ್ಪೆಕ್ಟರ್. ಸಭೆಯವರ ಭಾಷೆ ಬೇರೆ. ಇವರ ಸಿಟ್ಟಿಗೆ ಡಬ್ಬಿಂಗ್ ಕಲಾವಿದ ನಾನು. ಪರದೆಯಲ್ಲಿ ಚೌಕ ಚೌಕವಾಗಿ ಮುಖಗಳು, ನಡುವಿನ ಚೌಕದಲ್ಲಿ ನಗುಮುಖದ ಮೇಡಂ.

ಮಾವ ಗಂಟಲು ಸರಿ ಮಾಡಿಕೊಂಡರು. "ಮೊದಲನೇದಾಗಿ, ಭಾನುವಾರ ಬೆಳಿಗ್ಗೆ ಯಾರಾದ್ರೂ ಸಭೆ ಇಡ್ತಾರಾ? ಮನೇಲಿ ನೀರು ತುಂಬಿಸೋದ್ಯಾರು?"

ಡಬ್ ಮಾಡಿದೆ. ಮೇಡಂ ಮುಖ ಅರಳಿತು. "ಎಷ್ಟು ಚೆನ್ನಾಗಿ ಹೇಳಿದಿರಿ! ಸಭೆಯ ಸಮಯ ಎಲ್ಲರಿಗೂ ತೊಂದರೆ, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಮಯ ನಿಗದಿ ಮಾಡುವ ಹೊಣೆ ಇನ್ನು ನಿಮ್ಮದು. ಯಾರದಾದರೂ ಆಕ್ಷೇಪ?"

ಚೌಕಗಳಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮೂಲೆಯ ಚೌಕದಲ್ಲಿ ಒಬ್ಬರು ಬಿಡುಗಡೆಯಾದ ಕೈದಿಯ ಹಾಗೆ ಕಣ್ಣೊರೆಸಿಕೊಂಡರು. ಅಲ್ಲಿಯವರೆಗೆ ಆ ಹೊಣೆ ಅವರದಿತ್ತು.

"ಅಯ್ಯೋ ನಾನು ಅದಲ್ಲ ಹೇಳಿದ್ದು!" ಮಾವ ಕೂಗಿದರು. "ನಿಮ್ಮ ಈ ವ್ಯವಸ್ಥೆ ಒಬ್ಬ ಸಾಮಾನ್ಯ ಮನುಷ್ಯನಿಗೆ ಅರ್ಥ ಆಗೋ ಹಾಗೆ ಎಲ್ಲಾದ್ರೂ ಬರೆದಿಟ್ಟಿದೀರಾ?"

"ಇಲ್ಲ" ಅಂದರು ಮೇಡಂ, ಖುಷಿಯಿಂದ. "ಸಾಮಾನ್ಯರಿಗಾಗಿ ಕೈಪಿಡಿ ಬರೆಯುವ ಗುಂಪಿಗೂ ನೀವೇ ಇರಿ."

ಈಗ ಅತ್ತೆ ನುಗ್ಗಿದರು. ಮಾವನ ಭುಜ ಒತ್ತರಿಸಿ ಕ್ಯಾಮೆರಾಗೆ ಮುಖ ಕೊಟ್ಟು, "ಅಲ್ರೀ, ಚಂದಾ ಕೊಡೋ ನಮ್ಮನೆಯವರಿಗೆ ಈ ಗತಿ. ಒಂದು ಪೈಸೆ ಕೊಡದೆ ಉಪಯೋಗಿಸೋರು ಆರಾಮಾಗಿದಾರಲ್ಲ, ಅವರನ್ನ ಹಿಡ್ಕೊಂಡು ಕೇಳೋರಿಲ್ವಾ?" ಅಂದರು.

ಮೇಡಂ ಎದೆ ಮೇಲೆ ಕೈ ಇಟ್ಟುಕೊಂಡರು. "ಹೊಸ ಸದಸ್ಯರನ್ನು ಸೇರಿಸಲು ಇಂಥ ಒಂದು ದನಿಗಾಗಿ ಸಂಘ ಹುಟ್ಟಿದಾಗಿನಿಂದ ಕಾಯುತ್ತಿದ್ದೇವೆ. ತಾವು ಯಾರೇ ಆಗಿರಿ, ಆ ಸಮಿತಿಗೆ ಅಧ್ಯಕ್ಷೆ ತಾವೇ!"

"ಸದಸ್ಯತ್ವ ವಿಸ್ತರಣಾ ಸಮಿತಿ ಅಧ್ಯಕ್ಷೆ ನೀವು" ಅಂತ ನಾನು ಅತ್ತೆಗೆ ಡಬ್ ಮಾಡಿದೆ. ಅತ್ತೆ ಬಯ್ಯಲು ತೆರೆದ ಬಾಯಿ ಹಾಗೇ ನಿಂತಿತು. ಆಮೇಲೆ ನಿಧಾನಕ್ಕೆ ಸೆರಗು ಸರಿ ಮಾಡಿಕೊಂಡರು.

"ಏ ಸುಮ್ನಿರಿ! ಇಲ್ಲಿ ಶಿಸ್ತು ಅನ್ನೋದೇ ಇಲ್ವಾ?" ಅಂತ ಗುಡುಗಿದ ಇನ್‌ಸ್ಪೆಕ್ಟರ್ ಎರಡೇ ನಿಮಿಷದಲ್ಲಿ ಸಭಾ ಶಿಸ್ತಿನ ಉಪಸಮಿತಿಗೆ ಸೇರಿದರು. ರಿಟೈರ್ ಆದಮೇಲೆ ಅವರಿಗೆ ಯಾರೂ ಒಂದು ಹುದ್ದೆ ಅಂತ ಕೊಟ್ಟಿರಲಿಲ್ಲ. ಎದ್ದು ನಿಂತು ಲ್ಯಾಪ್‌ಟಾಪಿಗೆ ಸೆಲ್ಯೂಟ್ ಹೊಡೆದರು. ಡಿಪೋ ದೊಡ್ಡಪ್ಪ ಮಾತ್ರ ಈ ಆಟದ ನಿಯಮ ಹಿಡಿದುಬಿಟ್ಟಿದ್ದರು. ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕುರ್ಚಿ ಸಮೇತ ಹಿಂದೆ ಸರಿದು, ಕ್ಯಾಮೆರಾದಿಂದ ಆಚೆ ಹೋದರು.

ನಿಮಗೂ ನಿಯಮ ತಿಳಿದಿರಬೇಕು. ಆ ಸಂಘದಲ್ಲಿ ಯಾರು ಜೋರಾಗಿ ದೂರುತ್ತಾರೋ ಆ ಕೆಲಸ ಅವರದೇ. ಸಂಬಳ ತಗೊಂಡು ಕೆಲಸ ಮಾಡಲು ಅವರ ಹತ್ತಿರ ಇರುವುದು ನಗುಮುಖದ ಮೇಡಂ ಮತ್ತು ಇನ್ನೊಬ್ಬರು. ಉಳಿದದ್ದೆಲ್ಲ ಸದಸ್ಯರ ಸಿಟ್ಟಿನ ಮೇಲೆ ನಡೆಯುತ್ತದೆ.

ಸೋಮವಾರ ಮತ್ತೆ ಮೇಜಿನ ಗಂಟೆ, ಹಾಜರಿಗಾಗಿ ಮತ್ತೆ ಬಾಗಿಲಲ್ಲಿ ನಾನು.

"ದೂರು ಕೊಟ್ರಾ?"

"ಕೊಟ್ಟೆ ಸಾರ್."

"ಏನಂದ್ರು?"

"ಈ ತೊಂದರೆ ಸರಿ ಮಾಡೋ ತಂಡಕ್ಕೆ ಮುಖ್ಯಸ್ಥರನ್ನ ನೇಮಿಸಿದಾರೆ."

"ಭೇಷ್! ಯಾರವನು? ಫೋನ್ ಹಾಕಿ, ನಾನೇ ಜಾಡಿಸ್ತೀನಿ."

"ನಾನೇ ಸಾರ್."

ಪ್ರಿನ್ಸಿಪಾಲರ ಬೆರಳು ಗಂಟೆಯ ಮೇಲೇ ಉಳಿಯಿತು. ಅದು ಬಾರಿಸುತ್ತಲೇ ಇತ್ತು. ಜವಾನ ಎರಡು ಸಲ ಬಂದು ಹೋದ.

"ಅಂದ್ರೆ... ನಮ್ಮ ತಾತ ಇನ್ನೂ ಮಲಗಿರೋದಕ್ಕೆ ಈಗ ಹೊಣೆ ಯಾರು?"

"ನಾನೇ ಸಾರ್."

"ದೂರು ಕೊಟ್ಟು ಬನ್ನಿ ಅಂದ್ರೆ, ದೂರು ತಗೊಳೋರ ಕುರ್ಚೀಲಿ ಕೂತ್ಕೊಂಡು ಬಂದಿದೀರಲ್ರೀ!"

ಟೈ ಅವತ್ತೂ ಅಲ್ಲೇ ಇದ್ದ. ಅದೇ ಮೂಲೆ, ಅದೇ ಟೀ. "ನಮ್ಮ ಕಂಪನೀಲಿ ಗ್ರಾಹಕರಿಗೆ ಯಾವ ಕೆಲಸಾನೂ ಕೊಡಲ್ಲ ಸಾರ್" ಅಂದ. ಹಾಸ್ಟೆಲ್ ಸ್ಟೋರಿನ ಬೀಗದ ಕೈ ಮೇಜಿನ ಮೇಲೆ ಬಂದು ಕೂತಿತ್ತು. ಮಾವ ಅದನ್ನು ನೋಡಿದ ನೋಟ ಇದೆಯಲ್ಲ, ಅದಕ್ಕೆ ಪಿಟೀಲು ಬೇಕಿತ್ತು.

ಅವತ್ತು ಲೈಬ್ರರಿಗೆ ಬಂದು ಮಾವ ಹಳೇ ಆಲ್ಬಮ್ ಒಂದನ್ನು ತೊಡೆ ಮೇಲಿಟ್ಟುಕೊಂಡು ಕೂತರು. "ಈ ಓಟದ ತಂಡದವರಲ್ಲಿ ಎಷ್ಟು ಜನ ಇದಾರೋ ಇಲ್ವೋ. ಇವರನ್ನ ಇನ್ನೊಂದ್ಸಲ ತೆಗೆಯೋಕೆ ಹೋದ್ರೆ ಹಾಳೆ ಪುಡಿಯಾಗುತ್ತೆ ಕಣೋ. ಇರೋದು ಭಂಡಾರದಲ್ಲಿ ಮಾತ್ರ. ಫ್ರೆಶ್ ಆಗಿ ಶುರು ಮಾಡ್ತಾನಂತೆ, ಅವನ ಟೈ!"

ಮಾವನ ಬಾಯಿಂದ ಬಂದ ಮೊದಲ ಖಾರ ಅದು. ಲೈಬ್ರರಿಯಲ್ಲಿ ಎಷ್ಟು ಜೋರಾಗಿ ಹೇಳಿದರು ಅಂದರೆ, ಓದುತ್ತಿದ್ದ ಒಬ್ಬಳು ಹುಡುಗಿ ತಲೆ ಎತ್ತದೆ 'ಶ್‌ಶ್' ಅಂದಳು.

ಮುಖ್ಯಸ್ಥ ಅನಿಸಿಕೊಂಡ ಮೇಲೆ ತಂಡದವರನ್ನು ಕೇಳಬೇಕಲ್ಲ. ಹಡಗಿನ ಸಾಹೇಬರಿಗೆ ಬರೆದೆವು. ಉತ್ತರ ಬಂತು: 'ರಿಪೇರಿ ಆಗಲೇ ಬರೆದಿಟ್ಟಿದ್ದೇನೆ. ಕ್ಯಾಮೆರಾ ಪ್ರತಿ ಫೋಟೊದೊಳಗೂ, ಇದನ್ನು ಇಷ್ಟು ತಿರುಗಿಸಿ ತೋರಿಸಿ ಎಂದು ಒಂದು ಸೂಚನೆ ಬಚ್ಚಿಟ್ಟಿರುತ್ತದೆ. ನಮ್ಮ ಸಾಫ್ಟ್‌ವೇರ್ ಅದನ್ನು ಓದುತ್ತಿಲ್ಲ. ಓದುವಂತೆ ಮಾಡಿದ್ದೇನೆ. ಆದರೆ ನಿಜವಾದ ಸಂಗ್ರಹದ ಮೇಲೆ ಹಾಕಿ ನೋಡಿ ಹೇಳುವವರು ಬೇಕು. ಎಲ್ಲರೂ ಬಂದು ಬೈದು ಹೋಗುತ್ತಾರೆ, ಹಾಕಿ ನೋಡುವವರಿಲ್ಲ.'

ಅಂದರೆ ಔಷಧಿ ಇತ್ತು, ಕುಡಿದು ನೋಡುವ ರೋಗಿ ಇರಲಿಲ್ಲ! ಹೊಟ್ಟೆ ಉರಿಯುವುದಿಲ್ಲವೇ? ಭಂಡಾರದ ಹಳೇ ಫೋಟೊಗಳ ಒಂದು ನಕಲನ್ನು ಲೈಬ್ರರಿಯ ಹಳೇ ಕಂಪ್ಯೂಟರಿಗೆ ಹಾಕಿ, ಅದರ ಮೇಲೆ ಸಾಹೇಬರ ರಿಪೇರಿ ಏರಿಸಿದೆವು. ಸಂಸ್ಥಾಪಕರು ಕದಲಿದರು. ಕದಲಿ, ತಲೆಕೆಳಗಾಗಿ ನಿಂತರು. ಬೆತ್ತ ಆಕಾಶಕ್ಕೆ.

"ಮಲಗಿರೋದೇ ಮರ್ಯಾದೆಯಾಗಿತ್ತು" ಅಂದರು ಮಾವ. ಆದರೂ ಬಿಡಲಿಲ್ಲ. ಏನಾಯಿತು, ಯಾವ ಚಿತ್ರ ಯಾವ ಕಡೆ ತಿರುಗಿತು ಅಂತ ಸಾಹೇಬರಿಗೆ ಬರೆದರು. ಸಾಹೇಬರು ತಿದ್ದಿ ಕಳಿಸಿದರು. ಮತ್ತೆ ಹಾಕಿದೆವು, ಮತ್ತೆ ಬರೆದೆವು. ಆ ದಿನಗಳಲ್ಲಿ ಪರದೆ ನೋಡಿ ನೋಡಿ ಮಾವನ ಕುತ್ತಿಗೆ ಒಂದು ಕಡೆಗೆ ವಾಲಿ ಅಲ್ಲೇ ನಿಂತುಬಿಟ್ಟಿತ್ತು. ಎದುರಿಗೆ ಬಂದವರೆಲ್ಲ ತಾವೂ ತಲೆ ವಾಲಿಸಿಯೇ ಮಾತಾಡುತ್ತಿದ್ದರು. ಅತ್ತ ಅತ್ತೆ ದಿನವೂ ಫೋನ್ ಹಿಡಿದು ಚಂದಾ ಕೊಡದ ಕಾಲೇಜುಗಳನ್ನು ವಿಚಾರಿಸಿಕೊಳ್ಳುತ್ತಿದ್ದರು. "ನಮಸ್ಕಾರ, ಪುಕ್ಕಟೆ ಉಪಯೋಗಿಸ್ತಾ ಇದೀರಂತೆ, ಚೆನ್ನಾಗಿದೆಯಾ?" ಅಂತ ಶುರು ಮಾಡುತ್ತಿದ್ದರು. ಆ ದನಿ ಕೇಳಿದವರಿಗೆ ಸದಸ್ಯರಾಗುವುದೇ ಸುಲಭದ ದಾರಿ ಅನಿಸುತ್ತಿತ್ತು.

ಸಂಸ್ಥಾಪಕರ ದಿನದ ಹಿಂದಿನ ಮಧ್ಯಾಹ್ನ ಸಂಸ್ಥಾಪಕರು ಎದ್ದು ನಿಂತರು. ಮೇಷ್ಟ್ರುಗಳು ಎದ್ದರು. ಓಟದ ತಂಡ ಎದ್ದಿತು. ಹಡಗಿನ ಸಾಹೇಬರು ತಮ್ಮ ಹಡಗುಗಳೂ ನೀರಿನ ಮೇಲೆ ಬಂದವು ಅಂತ ಬರೆದರು. ಮಾವ ಅಸಲಿ ಭಂಡಾರಕ್ಕೂ ಅದೇ ರಿಪೇರಿ ಏರಿಸಿ, ಸಂಸ್ಥಾಪಕರ ಫೋಟೊ ಒಂದನ್ನೇ ದೊಡ್ಡದಾಗಿ ತೆರೆದು ನೋಡಿ, ಕಣ್ಣು ತುಂಬಿಕೊಂಡು ಕಂಪ್ಯೂಟರ್ ಮುಚ್ಚಿದರು. ಉಳಿದ ಫೋಟೊಗಳನ್ನು ನೋಡಲಿಲ್ಲ. ಸಂತೋಷವಾದಾಗ ಯಾರು ನೋಡುತ್ತಾರೆ?

ಮರುದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಧ್ಯಕ್ಷೆ, ಅಂದರೆ ಪ್ರಿನ್ಸಿಪಾಲರ ತಾಯಿ. ಊರುಗೋಲು ಹಿಡಿದ ಸಣ್ಣ ದೇಹ. ಅವರ ಪಕ್ಕ ಪ್ರಿನ್ಸಿಪಾಲರು, ಅವರ ಹಿಂದೆ ಒಪ್ಪಂದದ ಫೈಲು ಹಿಡಿದ ಟೈ. ವೇದಿಕೆಯಲ್ಲಿ ಮೈಕ್ ಮುಂದೆ ಮಾವ, ಲ್ಯಾಪ್‌ಟಾಪಿನ ಹತ್ತಿರ ನಾನು. ದೀಪ ಆರಿಸಿದರು.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಸಂಸ್ಥಾಪಕರು ನೆಟ್ಟಗೆ, ಬೆತ್ತ ಊರಿ, ನಿಂತಿದ್ದರು.

ಚಪ್ಪಾಳೆ! ಅಧ್ಯಕ್ಷೆ ಊರುಗೋಲಿನ ಮೇಲೆ ಭಾರ ಹಾಕಿ ಎದ್ದು ನಿಂತರು. "ಅಪ್ಪ ಹೀಗೇ ನಿಲ್ತಿದ್ರು" ಅಂದರು. ಅಷ್ಟೇ ಅಂದದ್ದು. ಮಾವನ ಕುತ್ತಿಗೆ ತಾನಾಗಿ ನೆಟ್ಟಗಾಯಿತು. ಪ್ರಿನ್ಸಿಪಾಲರೂ ಮಾವನ ಕಡೆ ನೋಡಿ ತಲೆಯಾಡಿಸಿದರು. ಹಾಸ್ಟೆಲ್ ಸ್ಟೋರಿನ ಬೀಗದ ಕೈ ನನ್ನ ಕಣ್ಣ ಮುಂದೆ ಫೇಡ್ ಔಟ್ ಆಯಿತು.

ಮೇಷ್ಟ್ರುಗಳು ಬಂದರು, ನಿಂತಿದ್ದರು. ಓಟದ ತಂಡ ಬಂತು, ಅದೂ ನಿಂತಿತ್ತು. "ಮತ್ತು ಈಗ" ಅಂದರು ಮಾವ, ದನಿ ತುಂಬಿ, "ಆ ಪರಂಪರೆಯನ್ನು ಎತ್ತಿ ಹಿಡಿದಿರುವ ನಮ್ಮ ಪ್ರಿನ್ಸಿಪಾಲರು!"

ನಾನು ಗುಂಡಿ ಒತ್ತಿದೆ.

ಪ್ರಿನ್ಸಿಪಾಲರು ಮಲಗಿದ್ದರು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ, ಕೋಟು ಹಾಕಿಕೊಂಡು, ಮುಗುಳ್ನಗುತ್ತ ಮಲಗಿದ್ದರು.

ಇಡೀ ಸಭಾಂಗಣದ ತಲೆಗಳು ಒಟ್ಟಿಗೆ ಎಡಕ್ಕೆ ವಾಲಿದವು. ಮಾವನಿಗೆ ಆಗ ಹೊಳೆಯಿತು. ಆ ಒಂದೇ ಫೋಟೊವನ್ನು ಅವರು ಕೈಯಾರೆ ನೆಟ್ಟಗೆ ಮಾಡಿದ್ದರು. ಒಳಗಿನ ಸೂಚನೆ ಮಾತ್ರ ಹಾಗೇ ಉಳಿದಿತ್ತು. ಈಗ ಸಾಫ್ಟ್‌ವೇರಿಗೆ ಓದಲು ಬರುತ್ತದೆ. ಓದಿತು, ವಿಧೇಯವಾಗಿ ತಿರುಗಿಸಿತು.

"ಏನ್ರೀ ಇದು!" ಪ್ರಿನ್ಸಿಪಾಲರು ಕುರ್ಚಿ ಒದ್ದು ಎದ್ದರು. "ಅನ್ಯಾಯ! ಎಲ್ಲರೂ ನಿಂತಿರುವಾಗ ನಾನೊಬ್ಬನೇ ಯಾಕೆ ಮಲಗಬೇಕು? ಹೀಗೆ ಇನ್ನೂ ಎಷ್ಟು ಜನ ಮಲಗಿದಾರೆ? ಇದನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿ ನೋಡೋರು ಯಾರೂ ಇಲ್ವಾ ಇಲ್ಲಿ?"

ಟೈ ಫೈಲು ತೆರೆದ, ಪೆನ್ನಿನ ಮುಚ್ಚಳ ತೆಗೆದ. ಮಾವ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ ನಾನು ಆ ಮುಖದಲ್ಲಿ ಯಾವತ್ತೂ ನೋಡದ ಏನೋ ಒಂದು ಮೂಡಿತು. ನಗುಮುಖದ ಮೇಡಂ ಅವರ ನಗು.

"ಎಷ್ಟು ಚೆನ್ನಾಗಿ ಹೇಳಿದ್ರಿ ಸಾರ್!" ಅಂದರು ಮಾವ, ಮೈಕಿನಲ್ಲಿ. "ಇಷ್ಟು ಕಾಳಜಿ ಇರೋರೇ ನಮಗೆ ಬೇಕಿತ್ತು. ಎಲ್ಲಾ ದೇಶಗಳ ಭಂಡಾರಗಳ ಚಿತ್ರ ಪರೀಕ್ಷಿಸೋ ಕಾರ್ಯತಂಡಕ್ಕೆ ನಮ್ಮ ಪ್ರಿನ್ಸಿಪಾಲರು ಮುಖ್ಯಸ್ಥರು ಅಂತ, ನಾನು ಸಂಘದ ಪರವಾಗಿ ಘೋಷಿಸ್ತೀನಿ. ಯಾರದಾದ್ರೂ ಆಕ್ಷೇಪ?"

"ಏಯ್, ನಾನೆಲ್ಲಿ..." ಅಂತ ಪ್ರಿನ್ಸಿಪಾಲರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಸಭಾ ಶಿಸ್ತಿನ ಉಪಸಮಿತಿ ಗುಡುಗಿತು. "ಚಪ್ಪಾಳೆ ಹೊಡೀರಿ!" ಇನ್‌ಸ್ಪೆಕ್ಟರ್ ಲಾಕಪ್ಪಿನಲ್ಲಿ ಬಳಸುತ್ತಿದ್ದ ದನಿ ಅದು. ಜನ ಹೆದರಿ ಚಪ್ಪಾಳೆ ಹೊಡೆದರು.

ಅಧ್ಯಕ್ಷೆ ಮಗನ ತೋಳು ಹಿಡಿದರು. "ಅಪ್ಪ ಇದ್ದಿದ್ರೆ ಎಷ್ಟು ಸಂತೋಷಪಡ್ತಿದ್ರು ಮಗೂ! ಲೋಕಕ್ಕೆಲ್ಲ ಉಪಯೋಗ ಆಗೋ ಕೆಲಸ. ಈ ಭಂಡಾರ ಹೀಗೇ ಇರಲಿ. ಆ ಸಂಘಕ್ಕೆ ಚಂದಾ ತಪ್ಪಿಸಬೇಡ."

ತಾಯಿಯ ಮುಂದೆ, ತಾತನ ದಿನದಂದು, ಇಡೀ ಕಾಲೇಜಿನ ಮುಂದೆ ಮನುಷ್ಯ ಏನು ಮಾಡಲು ಸಾಧ್ಯ? ಪ್ರಿನ್ಸಿಪಾಲರು ವೇದಿಕೆ ಹತ್ತಿ, ಮಾವನ ಪಕ್ಕ ಮೈಕಿನ ಮುಂದೆ ನಿಂತು ಕೈ ಮುಗಿದರು. ಹಲ್ಲು ಕಚ್ಚಿಕೊಂಡಿದ್ದರು ಅನ್ನುವುದು ಹತ್ತಿರ ಇದ್ದ ನನಗೆ ಮಾತ್ರ ಕಂಡಿತು. ಪರದೆಯ ಮೇಲೆ ಅವರ ಇನ್ನೊಂದು ಮುಖ ಇನ್ನೂ ಮಲಗಿಕೊಂಡು ನಗುತ್ತಿತ್ತು.

ಆಗ ಎದ್ದವನು ಟೈ. ಪಾಪ, ಫೈಲು ಒಂದು ಕೈಯಲ್ಲಿ, ಮುಚ್ಚಳ ತೆಗೆದ ಪೆನ್ನು ಇನ್ನೊಂದು ಕೈಯಲ್ಲಿ. "ಇದೇನ್ ಸಾರ್ ಇದು? ಇದೆಂಥ ಪದ್ಧತಿ? ತಿಂಗಳಿಂದ ಓಡಾಡ್ತಿದೀನಿ. ಪುಕ್ಕಟೆ ಸಾಫ್ಟ್‌ವೇರು, ಸಂಬಳ ಇಲ್ಲದ ಕೆಲಸ, ಮೇಲೆ ಚಂದಾ! ಈ ಸಂಘಕ್ಕೆ ಒಂದು ವ್ಯವಸ್ಥೆ ಬೇಡ್ವಾ? ಇದನ್ನ ಜನಕ್ಕೆ ಸರಿಯಾಗಿ ವಿವರಿಸಿ ಹೇಳೋಕೆ ಒಬ್ಬರೂ ಇಲ್ವಾ?"

ಮಾವ ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ಮಾವನ ಮುಖ ನೋಡಿದರು. ಇಷ್ಟು ವರ್ಷಗಳಲ್ಲಿ ಅವರಿಬ್ಬರಿಗೆ ಒಂದೇ ಯೋಚನೆ ಒಂದೇ ಕ್ಷಣದಲ್ಲಿ ಬಂದದ್ದು ಅದೇ ಮೊದಲು. ಇಬ್ಬರ ಕೈಯೂ ಒಟ್ಟಿಗೆ ಮೈಕಿನ ಕಡೆ ಹೋಯಿತು. ಮೈಕ್ ಸಿಕ್ಕಿದ್ದು ಪ್ರಿನ್ಸಿಪಾಲರಿಗೆ.

"ಎಷ್ಟು ಚೆನ್ನಾಗಿ ಹೇಳಿದ್ರಿ!" ಅಂದರು ಅವರು.